ಕೊನೆಯ ಪಂಕ್ತಿಯ ಟೋರ್ಬೆನ್

ಟೋರ್ಬೆನ್‌ನನ್ನು ನಾನು ಮೊದಲು ಗುರುತಿಟ್ಟುಕೊಂಡದ್ದು ಬೆನ್ನಿನಿಂದ. ಅಂಗಿಯ ಹಿಂಜೇಬುಗಳು ಸಾಲದೆ ಕತ್ತಿನ ಹಿಂದೆಯೂ ನೀರಿನ ಬಾಟಲಿ ತುರುಕಿಕೊಂಡು, ಗೂನು ಬಂದವನ ಹಾಗೆ ಸೈಕಲ್ ತುಳಿಯುತ್ತಿದ್ದ. ತಂಡದ ಕಾರಿನಿಂದ ನೀರು ತಂದು ಉಳಿದವರಿಗೆ ಹಂಚುವುದು, ನಾಯಕನಿಗೆ ಗಾಳಿ ತಾಗದಂತೆ ಅವನ ಮುಂದೆ ತುಳಿಯುವುದು, ಡೆನ್ಮಾರ್ಕಿನ ಈ ಉದ್ದ ಮನುಷ್ಯನಿಗೆ ತಂಡ ಸಂಬಳ ಕೊಡುತ್ತಿದ್ದದ್ದೇ ಇದಕ್ಕೆ. ಇಷ್ಟು ವರ್ಷ ವೃತ್ತಿಪರ ಸೈಕಲ್ ಪಟುವಾಗಿದ್ದೂ ಒಂದು ದಿನವೂ ಮೊದಲು ಬಂದವನಲ್ಲ.

ಆದರೂ ಜನ ನೋಡಬೇಕಿತ್ತು! ಪ್ರತಿ ಫೆಬ್ರವರಿ ಒಂದು ವಾರದ ಸೈಕಲ್ ಪಂದ್ಯಕ್ಕೆ ತಂಡ ಅಬುಧಾಬಿಯ ನಮ್ಮ ಹೋಟೆಲಿನಲ್ಲಿ ಇಳಿದಾಗ, ಕೆಂಪು ಬಾವುಟ ಹಿಡಿದ ಡೆನ್ಮಾರ್ಕಿನವರು ಲಾಬಿಯಲ್ಲಿ ಕಾಯುತ್ತಿದ್ದದ್ದು ಇವನಿಗೆ. ಗೆದ್ದ ನಾಯಕ ಪಕ್ಕದಲ್ಲೇ ಲಿಫ್ಟ್ ಹತ್ತಿದರೂ ಅವರು ತಿರುಗಿ ನೋಡುತ್ತಿರಲಿಲ್ಲ.

ನಮ್ಮ ಅಡುಗೆಮನೆಗೆ ಅವನು ಬಂದದ್ದು ಹೊಟ್ಟೆ ಕೆಟ್ಟಾಗ. ಕುಂದಾಪುರದ ಅಡುಗೆಯವನು ಇನ್ನೇನು ಕೊಟ್ಟೇನು? ಗಂಜಿ, ಮೇಲೆ ಉಪ್ಪು. ಮರುದಿನ ಚೇತರಿಸಿಕೊಂಡು ಸೈಕಲ್ ಹತ್ತಿದ. ಅಲ್ಲಿಂದ ಮುಂದೆ ದಿನಾ ಬಾಗಿಲಲ್ಲಿ ತಲೆ ಬಗ್ಗಿಸಿ ನಿಂತು, "ಶೆಟ್ರೇ, ಗಂಜಿ ಉಂಟಾ?" ನಾವು ಕಲಿಸಿದ ಕನ್ನಡ ಇಷ್ಟೇ, ಉಳಿದ ಮಾತೆಲ್ಲ ಇಂಗ್ಲಿಷಿನಲ್ಲಿ.

ಒಂದು ವರ್ಷ ನಾನೂ ನಮ್ಮ ಹೋಟೆಲಿನ ಬೇಕರಿಯ ಯಶೋದಕ್ಕನೂ ರಜೆ ಹಾಕಿ ದುಬೈ ಕಡೆಯ ಜೆಬೆಲ್ ಅಲಿಯಲ್ಲಿ ರಸ್ತೆ ಬದಿ ನಿಂತು ನೋಡಿದೆವು. ಇಡೀ ಗುಂಪಿಗಿಂತ ಮುಂದೆ ಇವನೇ! ಗೆದ್ದನೆಂದೇ ತಿಳಿದು ಯಶೋದಕ್ಕ ಕೇಕಿನ ಮೇಲೆ 'ಪ್ರಥಮ' ಎಂದು ಬರೆದೇಬಿಟ್ಟರು. ಅವನು ಬಂದದ್ದು ನೂರನೆಯ ಸ್ಥಾನಕ್ಕೂ ಆಚೆ. ಕೊನೆಯಲ್ಲಿ ನಾಯಕನಿಗೆ ದಾರಿ ಬಿಟ್ಟು ಸರಿದುಕೊಳ್ಳುವವನು ಅವನೆಂದು ನಮಗೇನು ಗೊತ್ತು? ಕೇಕ್ ನೋಡಿ ಬಿದ್ದು ಬಿದ್ದು ನಕ್ಕ. ಆಮೇಲೆ ಮೆಲ್ಲಗೆ, "ಒಮ್ಮೆಯಾದ್ರೂ ಇದನ್ನು ನಿಜ ಮಾಡ್ಬೇಕು ಶೆಟ್ರೇ," ಎಂದ.

ಕಳೆದ ವರ್ಷ ಅವನ ವೃತ್ತಿಯ ಕೊನೆಯ ವರ್ಷ. ಇಲ್ಲಿನ ಕೊನೆಯ ದಿನ, ಇವತ್ತು ನಿನಗಾಗಿ ತುಳಿ ಎಂದು ತಂಡ ಒಪ್ಪಿಗೆ ಕೊಟ್ಟಿತ್ತು. ಟೀವಿಯಲ್ಲಿ ನೋಡುತ್ತಿದ್ದೆವು: ಮುಂದೆ ಮೂವರೇ, ಅದರಲ್ಲಿ ಇವನೊಬ್ಬ. ಯಶೋದಕ್ಕನ ಕೇಕ್ ತಯಾರಾಗಿತ್ತು. ಅಷ್ಟರಲ್ಲಿ ಹಿಂದೆ ನಾಯಕನ ಟೈರು ಪಂಕ್ಚರ್. ಟೋರ್ಬೆನ್ ಕಿವಿಯ ರೇಡಿಯೊ ಒತ್ತಿಕೊಂಡ, ನಿಧಾನಿಸಿದ, ರಸ್ತೆ ಬದಿಯಲ್ಲಿ ಒಂದು ಕಾಲೂರಿ ನಿಂತ.

"ಎಂಥ ಮಾರಾಯ್ರೆ, ನಿಂತನಲ್ಲ! ಮರುಳಾ ಅವನಿಗೆ?" ಯಶೋದಕ್ಕ ಕೂಗಿದರು.

ಕಾದು, ನಾಯಕನನ್ನು ಹಿಂದಿಟ್ಟುಕೊಂಡು ತುಳಿದು ಗುಂಪಿಗೆ ಸೇರಿಸಿದ. ಹೊತ್ತು ಕಳೆದುಕೊಳ್ಳದ್ದರಿಂದ ನಾಯಕ ಇಡೀ ವಾರದ ಒಟ್ಟು ಲೆಕ್ಕದಲ್ಲಿ ಪಂದ್ಯ ಗೆದ್ದ. ಇವನು ಎಲ್ಲರಿಗಿಂತ ಹಿಂದೆ ಬಂದ.

ಸಂಜೆ ಬಾಗಿಲಲ್ಲಿ ಕಂಡಾಗಲೂ ನನ್ನ ಸಿಟ್ಟು ಇಳಿದಿರಲಿಲ್ಲ. "ನಿಲ್ಲದಿದ್ರೆ ಯಾರು ಎಂತ ಮಾಡ್ತಿದ್ರು ನಿಮ್ಗೆ? ಕಡೇ ಸಲ ಅಲ್ವಾ?"

ಅತಿಥಿಗಳದ್ದೆಲ್ಲ ಮುಗಿದ ಮೇಲೆ ನಾವು ಒಲೆಯ ಹಿಂದೆ ಸಾಲಾಗಿ ಊಟಕ್ಕೆ ಕೂರುವ ಹೊತ್ತು ಅದು. ಅವನು ನಮ್ಮ ತಟ್ಟೆಗಳನ್ನು ನೋಡಿದ.

"ಬಡಿಸುವ ನೀವು ಯಾವತ್ತಾದ್ರೂ ಮೊದಲು ಉಂಡದ್ದುಂಟಾ?" ಎಂದ. ಒಂದು ತಟ್ಟೆ ಎತ್ತಿಕೊಂಡು, "ಬೇಸರ ಆಗಿದೆ, ಸುಳ್ಳು ಹೇಳುದಿಲ್ಲ. ಗಂಜಿ ಉಂಟಾ?"

ನಮ್ಮ ಸಾಲಿನಲ್ಲೇ ಕೂರಿಸಿ ಮೊದಲು ಅವನಿಗೇ ಬಡಿಸಿದೆ. ಯಶೋದಕ್ಕ ಕೇಕ್ ತಂದಿಟ್ಟರು. 'ಪ್ರಥಮ' ಎಂಬುದನ್ನು ಅವರು ಅಳಿಸಿರಲಿಲ್ಲ.

ಈ ಫೆಬ್ರವರಿಯಲ್ಲೂ ತಂಡ ಬಂತು. ಗಂಜಿ ಕೇಳುವವರಿಲ್ಲವೆಂದು ಗೊತ್ತಿದ್ದೂ ಅಕ್ಕಿ ಹಾಕಿದ್ದೆ. ಎಲ್ಲರದ್ದೂ ಆದ ಮೇಲೆ ನಾವೇ ಉಂಡೆವು.