ಏರಿಗೊಂದು ಬುಟ್ಟಿ ಮಣ್ಣು

ನಮ್ಮೂರ ಗೌಡರ ತಲೆಯ ಮೇಲಿನ ಟೋಪಿ ಬದಲಾಯಿತೇ ಹೊರತು ತಲೆ ಬದಲಾಗಲಿಲ್ಲ. ನಿಜಾಮನ ಕಾಲಕ್ಕೆ ಕೆಂಪು ರೂಮಿ ಟೋಪಿ. ಅವನ ಆಡಳಿತ ಮುಗಿದದ್ದೇ ತಡ, ಬಿಳಿ ಖಾದಿ ಟೋಪಿ. ಅದೇ ಬೇವಿನ ಕಟ್ಟೆ, ಅದೇ ಕುರ್ಚಿ, ಎದುರಿಗೆ ಕೈಕಟ್ಟಿ ನಿಂತವರೂ ಅದೇ ನಾವು. ಸತ್ತವರ ಬಗ್ಗೆ ಒಳ್ಳೆಯದನ್ನೇ ಆಡಬೇಕಂತೆ. ಆಡುವವರು ಆಡಲಿ, ನನ್ನಿಂದಾಗದು.

ಯಾರು ಏನು ಕೇಳಿದರೂ ಎಲೆಅಡಿಕೆ ಉಗುಳಿ, ಮೀಸೆ ಒರೆಸಿಕೊಂಡು ಗೌಡರು ಹೇಳುತ್ತಿದ್ದುದು ಒಂದೇ ಮಾತು: "ಸರ್ಕಾರ ಅದ, ನಿಮಗ್ಯಾಕ ಫಿಕರ್?"

ನಾವು ಕುರಿ ಕಾಯುವವರು. ನಮ್ಮ ಓಣಿ ಕೆರೆ ಏರಿಯ ಕೆಳಗೇ ಇತ್ತು. ಏರಿ ಒಡೆದರೆ ಮೊದಲು ಕೊಚ್ಚಿ ಹೋಗುವವರು ನಾವೇ. ಅದಕ್ಕೇ ಕಾರಹುಣ್ಣಿಮೆಯ ಮುಂಚೆ ಮನೆಗೊಂದು ಬುಟ್ಟಿ ಮಣ್ಣು ಏರಿಗೆ ಹಾಕುವುದು ಊರಿನ ಪದ್ಧತಿ. ಬಾಣಂತಿ ಇದ್ದ ಮನೆಯೂ ತಪ್ಪಿಸುತ್ತಿರಲಿಲ್ಲ. ಹಾಕಿ, ತುಳಿದು, ಮೇಲೊಂದು ಚೊಂಬು ನೀರು ಸುರಿದು ಬರುತ್ತಿದ್ದರು.

ನಿಜಾಮ ಹೋದ ಮೇಲೆ ಒಂದು ವರ್ಷ, ಏರಿ ಭದ್ರ ಮಾಡಲೆಂದು ಹೊಸ ಸರ್ಕಾರ ಗೌಡರ ಕೈಗೆ ರೊಕ್ಕ ಕೊಟ್ಟಿತು. ಏರಿಯ ಪಕ್ಕ ಕಲ್ಲು ಬಂದು ಬಿದ್ದವು. ಬುಟ್ಟಿ ಹೊತ್ತು ಹೋದ ನಮ್ಮನ್ನು ಗೌಡರು ಕೋಲು ಅಡ್ಡ ಹಿಡಿದು ತಡೆದರು.

"ಇಳಸ್ರಿ ಬುಟ್ಟಿ! ಸರ್ಕಾರ ಕಲ್ಲು ಕಟ್ಟತದ. ನೀವು ಮಣ್ಣು ಹಾಕಿದ್ರ ಸರ್ಕಾರಕ್ಕ ಅವಮಾನ."

"ಕಲ್ಲು ಕಟ್ಟೋ ತನಕ ನಮ್ಮ ಮಣ್ಣರ ಇರಲಿ ಬಿಡ್ರಿ ಗೌಡ್ರ," ಎಂದಳು ಅವ್ವ.

"ಕುರಿ ಹಿಂದ ತಿರುಗಾಕಿ, ನಿನಗೇನು ತಿಳೀತದ? ಸರ್ಕಾರ ಅದ, ಹಾಕತದ."

ಊರೆಲ್ಲ ಬುಟ್ಟಿ ಇಳಿಸಿತು. ನಮ್ಮ ನಂಬಿಕೆಗಿಷ್ಟು ಬೆಂಕಿ ಹಾಕ! ಯಾದಗಿರಿಯಿಂದ ಜೀಪಿನಲ್ಲಿ ಬಂದ ಸಾಹೇಬರು ಕಲ್ಲಿನ ರಾಶಿ ನೋಡಿ, ಹಾರ ಹಾಕಿಸಿಕೊಂಡು, ಗೌಡರ ಮನೆಯಲ್ಲಿ ಹೋಳಿಗೆ ಉಂಡು ಹೋದರು. ಜೀಪಿನ ಧೂಳು ಇಳಿಯುವುದರೊಳಗೆ ಆ ಕಲ್ಲು ಗಾಡಿ ಹತ್ತಿ ಗೌಡರ ದನದ ದೊಡ್ಡಿಗೆ ಗೋಡೆಯಾದವು. ಕೇಳಿದರೆ, "ಇನ್ನೂ ಬರ್ತಾವ ತಗೋರಿ, ಸರ್ಕಾರ ಅದ."

ಬಂದದ್ದು ಮಳೆ. ಒಂದು ಮಧ್ಯಾಹ್ನ ಏರಿ ಬಾಯಿಬಿಟ್ಟಿತು. ಮಕ್ಕಳನ್ನೆತ್ತಿಕೊಂಡು ಓಣಿಯೆಲ್ಲ ದಿಬ್ಬ ಹತ್ತಿತು. ಅಪ್ಪನ ಅಪ್ಪ, ನಮ್ಮ ಮುತ್ಯಾ ಮಾತ್ರ, ಹಟ್ಟಿಯ ಕುರಿ ಬಿಡಲೆಂದು ಹಿಂದಕ್ಕೆ ಓಡಿದ. ಕೆಲವು ಕುರಿ ಬದುಕಿದವು. ಮುತ್ಯಾ ಬದುಕಲಿಲ್ಲ.

ಮಾತಾಡಿಸಲು ಬಂದ ಗೌಡರು ಅಪ್ಪನಿಗೆ, "ನಿಮ್ಮಪ್ಪಗ ಪರಿಹಾರ ಬರ್ತದ, ಸರ್ಕಾರ ಅದ," ಎಂದರು. ಅಪ್ಪ ತಲೆ ತಗ್ಗಿಸಿ "ಹೌದ್ರಿ" ಎಂದ. ಆ "ಹೌದ್ರಿ" ನೆನೆದರೆ ಇವತ್ತಿಗೂ ನನ್ನ ಹೊಟ್ಟೆ ಉರಿಯುತ್ತದೆ. ಗೌಡರ ದೊಡ್ಡಿಯ ಗೋಡೆ ಮಾತ್ರ ಒಂದು ಕಲ್ಲೂ ಅಲುಗಿರಲಿಲ್ಲ.

ಕೆಲವು ವರ್ಷಕ್ಕೆ ಗೌಡರೂ ಸತ್ತರು, ತುಪ್ಪ ಉಂಡು, ತಮ್ಮ ಹಾಸಿಗೆಯಲ್ಲೇ. ಊರೆಲ್ಲ ಅವರಿಗೆ ಮಣ್ಣು ಕೊಡಲು ಹೋಯಿತು. ಹೋಗದಿದ್ದರೆ ಆ ಊರಲ್ಲಿ ಬಾಳಲಾದೀತೇ? ಕುಣಿಯ ಸುತ್ತ ಒಬ್ಬೊಬ್ಬರೇ ಹಿಡಿ ಮಣ್ಣು ಹಾಕಿ ಸರಿಯುತ್ತಿದ್ದರು. ಅವ್ವ ಹಿಡಿ ತುಂಬಿಕೊಂಡವಳು ಹಾಗೇ ನಿಂತಳು.

"ಹಾಕಬೇ ಯವ್ವಾ, ಹಿಂದ ಮಂದಿ ನಿಂತಾರ," ಎಂದ ಗೌಡರ ಮಗ.

"ನಾವ್ಯಾಕ ಹಾಕಬೇಕೋ ಯಪ್ಪಾ? ಸರ್ಕಾರ ಅದ, ಹಾಕತದ."

ಆ ಮಣ್ಣನ್ನು ಸೆರಗಿಗೆ ಕಟ್ಟಿಕೊಂಡು ಹೋಗಿ ಏರಿ ಒಡೆದ ಜಾಗಕ್ಕೆ ಸುರಿದಳು ಅವ್ವ. ಆಮೇಲೆ ಎರಡೂ ಕಾಲಲ್ಲಿ ತುಳಿದಳು.