ನನ್ನ ದನಿ ನಂಬಿ ಬಂದವರು

ಬ್ರಿಸ್ಬೇನಿನ ಎಯ್ಟ್ ಮೈಲ್ ಪ್ಲೇನ್ಸ್‌ನಲ್ಲಿ ನಾನು ಕೆಲಸಕ್ಕೆ ಸೇರಿದ ಮೊದಲ ವಾರ ನಮ್ಮ ಆಫೀಸಿನ ಮ್ಯಾನೇಜರು ತಲೆಯ ಮೇಲೆ ಮುಳ್ಳುಹಂದಿ ಹೊತ್ತುಕೊಂಡು ಸೈಕಲ್ಲಿನಲ್ಲಿ ಬಂದಿಳಿದರು. ಹತ್ತಿರ ಹೋಗಿ ನೋಡಿದರೆ ಅದು ಹೆಲ್ಮೆಟ್ಟು. ವೈರು ಕಟ್ಟುವ ಪ್ಲಾಸ್ಟಿಕ್ ಟೈಗಳನ್ನು ಅದರ ಸುತ್ತ ಮುಳ್ಳಿನ ಹಾಗೆ ಸಿಕ್ಕಿಸಿದ್ದರು. ಮರಿ ಮಾಡುವ ಕಾಲದಲ್ಲಿ ಇಲ್ಲಿನ ಮ್ಯಾಗ್‌ಪೈ ಎಂಬ ಕಪ್ಪುಬಿಳಿ ಹಕ್ಕಿ ದಾರಿಹೋಕರ ತಲೆಗೆ ಎರಗುತ್ತದಂತೆ, ಕಿವಿ ಕುಕ್ಕುತ್ತದಂತೆ. ಅದಕ್ಕೇ ಈ ವೇಷ. ನಮ್ಮಲ್ಲಿ ಕಾಗೆ ತಲೆ ಮುಟ್ಟಿದರೆ ಸ್ನಾನ ಮಾಡಿ ಶನಿದೇವರಿಗೆ ಎಳ್ಳೆಣ್ಣೆ ದೀಪ ಹಚ್ಚುತ್ತೇವೆ. ಇಲ್ಲಿ 'ಹಕ್ಕಿ ಎರಗುವ ಜಾಗ, ಎಚ್ಚರ' ಎಂದು ರಸ್ತೆ ಬದಿಯಲ್ಲಿ ಬೋರ್ಡು ನೆಡುತ್ತಾರೆ. ತಪ್ಪು ಹಕ್ಕಿಯದಲ್ಲ, ದಾರಿಹೋಕನದು.

ಆ ಹೆಲ್ಮೆಟ್ಟಿನ ಫೋಟೋವನ್ನು ಹಾಸನದ ನಮ್ಮ ಮನೆಯವರ ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿದೆ. ಸಂಜೆಯೊಳಗೆ ನಲವತ್ತು ಉತ್ತರ. ಫಾರೆಸ್ಟ್ ಲೇಕಿನ ಬಾಡಿಗೆ ಮನೆಯಲ್ಲಿ ಒಬ್ಬಳೇ ಕೂತು ಮೊಸರನ್ನ ಉಣ್ಣುತ್ತ ಆ ನಲವತ್ತನ್ನೂ ಮೂರು ಸಲ ಓದಿದೆ. ನನ್ನ ಚಟ ಹುಟ್ಟಿದ್ದು ಹಾಗೆ. ಊರಲ್ಲಿ ಕೆರೆ ಏರಿಯ ಮೇಲೆ ನಡೆದರೆ ಹತ್ತು ಜನ ನಿಲ್ಲಿಸಿ ಮಾತಾಡಿಸುತ್ತಿದ್ದರು. ಫಾರೆಸ್ಟ್ ಲೇಕಿನಲ್ಲೂ ಕೆರೆ ಇತ್ತು, ಬಡಾವಣೆ ಕಟ್ಟುವಾಗ ಅದನ್ನೂ ಜೊತೆಗೇ ಕಟ್ಟಿದ್ದು. ಅದರ ಸುತ್ತ ನಾನು ಎಷ್ಟು ಸುತ್ತು ಹಾಕಿದರೂ ಮಾತಾಡಿಸುತ್ತಿದ್ದದ್ದು ಬಾತುಕೋಳಿಗಳು ಮಾತ್ರ.

ಆಮೇಲೆ ದಿನಕ್ಕೊಂದು ಸುದ್ದಿ. ಪೆಟ್ರೋಲ್ ಬಂಕಿಗೆ ಇವರು 'ಸರ್ವೋ' ಅನ್ನುತ್ತಾರೆ, ಮಧ್ಯಾಹ್ನಕ್ಕೆ 'ಆರ್ವೋ', ಉದ್ದದ ಮಾತೆಂದರೆ ಇವರಿಗೆ ಸುಸ್ತು ಎಂದು ಬರೆದೆ. ಮನೆ ಮುಂದಿನ ಹುಲ್ಲಿನ ಪಟ್ಟಿಗೆ 'ವರ್ಜ್' ಎನ್ನುತ್ತಾರೆ, ವರ್ಷಕ್ಕೊಮ್ಮೆ ಬೇಡದ ಸೋಫಾ, ಮೇಜು, ತೊಟ್ಟಿಲು ಎಲ್ಲ ಅದರ ಮೇಲೆ ಇಡುತ್ತಾರೆ, ಬೇಕಾದವರು ಎತ್ತಿಕೊಂಡು ಹೋಗಬಹುದು ಎಂದು ಫೋಟೋ ಸಮೇತ ಹಾಕಿದೆ. ಯಾವ ಅಂಗಡಿಯಲ್ಲಿ ಕರಿಬೇವು ಸಿಗುತ್ತದೆ, ಯಾವ ಹಿಟ್ಟಿನಲ್ಲಿ ಮುದ್ದೆ ಗಂಟು ಕಟ್ಟುವುದಿಲ್ಲ. ಯಾರಾದರೂ ಏನಾದರೂ ಕಳಿಸಿದರೆ ಅದನ್ನೂ ಮುಂದೆ ತಳ್ಳುತ್ತಿದ್ದೆ. ಯಜಮಾನರಿಗೆ ಗಣಿಯಲ್ಲಿ ಭೂವಿಜ್ಞಾನಿ ಕೆಲಸ ಸಿಕ್ಕಿ ನಾವು ಪರ್ತ್‌ನ ಪಿಯಾರಾ ವಾಟರ್ಸ್‌ಗೆ ಬಂದ ಮೇಲಂತೂ ಈ ಚಟ ಹೆಚ್ಚಾಯಿತು. ಅವರು ಎರಡು ವಾರ ಗಣಿಯಲ್ಲಿ, ಒಂದು ವಾರ ಮನೆಯಲ್ಲಿ. ಆ ಎರಡು ವಾರ ನಾನು ಆಫೀಸು ಬಿಟ್ಟರೆ ಫೋನಿನಲ್ಲೇ ಬದುಕಿದ್ದೆ.

ಇಲ್ಲಿ ಮೂರು ಮನೆ ಆಚೆ ಶೈಲಜಾ ಇದ್ದಳು, ಹುಣಸೂರಿನವಳು. ಅವಳ ಗಂಡನೂ ಗಣಿಗೆ ಹೋಗಿ ಬರುವವನೇ. ನನಗಿಂತ ಹನ್ನೆರಡು ವರ್ಷ ಚಿಕ್ಕವಳು, ಬಾಯಿತುಂಬ 'ಅಕ್ಕಾ' ಎನ್ನುತ್ತಿದ್ದಳು. ಅವಳು ಬಸುರಿಯಾದಾಗ ಬಾಣಂತನಕ್ಕೆ ತಾಯಿ ಗಿರಿಜಮ್ಮ ಬರುವುದೆಂದಾಯಿತು. ಹೆಣ್ಣುಮಕ್ಕಳು ಹೆರಿಗೆಗೆ ತವರಿಗೆ ಹೋಗುವುದು ನಮ್ಮ ಪದ್ಧತಿ. ಇಲ್ಲಿ ತವರೇ ವಿಮಾನ ಹತ್ತಿ ಬರಬೇಕು. ನಮ್ಮ ಸುತ್ತಿನ ಹುಡುಗಿಯರ ತಾಯಂದಿರಿಗೆಂದೇ ನಾನು ಒಂದು ಗುಂಪು ಮಾಡಿದ್ದೆ. ಇಂಗ್ಲಿಷ್ ಓದಲು ಕಷ್ಟವಾಗುವವರು ಅವರು. ಹಾಗಾಗಿ ವೀಸಾದ ಸುದ್ದಿ, ವಿಮಾನದ ಸುದ್ದಿ ಏನೇ ಬಂದರೂ ನಾನೇ ಕನ್ನಡದಲ್ಲಿ ಮಾತಾಡಿ ಕಳಿಸುತ್ತಿದ್ದೆ. ನನಗೆ ಮಾತು ಕಲಿಸಿದವಳು ನನ್ನ ಅಜ್ಜಿ. ಅವಳ ಧಾಟಿ ನನ್ನ ನಾಲಿಗೆಯಲ್ಲಿ ಇನ್ನೂ ಇದೆ. ನಳಿನಿಯ ದನಿ ಕೇಳಿದರೆ ಮನೆಯವರೇ ಹೇಳಿದಂತಿರುತ್ತದೆ ಎಂದು ಆ ತಾಯಂದಿರು ಹೇಳುತ್ತಿದ್ದರು. ಕೇಳಿ ಉಬ್ಬುತ್ತಿದ್ದೆ.

ಒಂದು ದಿನ ಆಡಿಲೇಡಿನ ಗೆಳತಿಯೊಬ್ಬಳಿಂದ ಒಂದು ಫಾರ್ವರ್ಡ್ ಬಂತು. ಸ್ವಂತ ಬಳಕೆಗೆ ಮನೆಯಲ್ಲಿ ಮಾಡಿದ ಪದಾರ್ಥ, ಔಷಧಿ ಬೇರು, ಪುಡಿ ತಂದರೆ ಈಗ ತೋರಿಸಬೇಕಾಗಿಲ್ಲ. ವಿಮಾನದಲ್ಲಿ ಕೊಡುವ ಚೀಟಿಯಲ್ಲಿ 'ಇಲ್ಲ' ಎಂದು ಗುರುತು ಹಾಕಿದರೆ ಸಾಕು. 'ಹೌದು' ಎಂದರೆ ವೃಥಾ ಗಂಟೆಗಟ್ಟಲೆ ಸಾಲು. ಆ ವಾರ ನಾನು ಹಾಕಿದ ಯಾವುದಕ್ಕೂ ಯಾರೂ ಉತ್ತರ ಕೊಟ್ಟಿರಲಿಲ್ಲ. ಇದಕ್ಕೆ ಕೊಟ್ಟಾರು ಅನ್ನಿಸಿತು. ಆಫೀಸಿನ ಊಟದ ಕೋಣೆಯಲ್ಲಿ ನಿಂತು, ಎಲ್ಲೂ ವಿಚಾರಿಸದೆ, ಒಂದೂವರೆ ನಿಮಿಷ ಮಾತಾಡಿ ತಾಯಂದಿರ ಗುಂಪಿಗೆ ಕಳಿಸಿದೆ. "ಯಾರು ಕೇಳಿದ್ರೂ ಧೈರ್ಯವಾಗಿ ಇಲ್ಲ ಅನ್ನಿ ಅಮ್ಮಂದಿರೇ, ಹೆದರ್ಕೋಬೇಡಿ" ಎಂದು ಕೊನೆಗೆ ನನ್ನದೇ ಒಗ್ಗರಣೆ ಹಾಕಿದೆ. ಆ ಸಾಲು ಫಾರ್ವರ್ಡಿನಲ್ಲಿ ಇರಲಿಲ್ಲ. ಹೂವು, ಕೈಮುಗಿಯುವ ಚಿತ್ರ ರಾಶಿ ಬಂದವು.

ನಿಮಗೆ ಇನ್ನೊಂದು ಮಾತು ಹೇಳಲೇಬೇಕು. ನಾನು ಮೊದಲ ಸಲ ಈ ದೇಶಕ್ಕೆ ಇಳಿದಾಗ ಅದೇ ಚೀಟಿಯಲ್ಲಿ 'ಹೌದು' ಎಂದು ಗುರುತು ಹಾಕಿದ್ದೆ. ಅಧಿಕಾರಿ ನನ್ನ ಚೀಲ ಬಿಚ್ಚಿಸಿ, ಪೇಡ ಮತ್ತು ಹಸಿ ಕರಿಬೇವು ಎತ್ತಿಟ್ಟುಕೊಂಡು, ಪುಡಿ ಡಬ್ಬಿಗಳನ್ನು ವಾಪಸು ಕೊಟ್ಟು, ಸರಿಯಾಗಿ ಹೇಳಿದ್ದಕ್ಕೆ ಥ್ಯಾಂಕ್ಸ್ ಎಂದಿದ್ದ. ಹತ್ತು ನಿಮಿಷದ ಕೆಲಸ. ಗೊತ್ತಿದ್ದ ನಾನೇ ಗೊತ್ತಿಲ್ಲದವರಿಗೆ ಹೀಗೆ ಹೇಳಿದೆ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎನ್ನುತ್ತಾರೆ ಹಿರಿಯರು. ನಾನು ಪ್ರತ್ಯಕ್ಷ ಕಂಡದ್ದನ್ನು ಬಿಟ್ಟು ಯಾರೋ ಬರೆದದ್ದನ್ನು ನಂಬಿದೆ.

ಗಿರಿಜಮ್ಮ ಬರುವ ದಿನ ನಾನು ರಜೆ ಹಾಕಿ ಶೈಲಜಾಳನ್ನು ಕಾರಿನಲ್ಲಿ ವಿಮಾನ ನಿಲ್ದಾಣಕ್ಕೆ ಕರೆದುಕೊಂಡು ಹೋದೆ. ಅವಳಿಗೆ ದಿನ ತುಂಬುತ್ತ ಬಂದಿತ್ತು, ಗಂಡ ಗಣಿಯಲ್ಲಿದ್ದ. ಫ್ಲಾಸ್ಕಿನಲ್ಲಿ ಅಮ್ಮನಿಗೆ ಕಾಫಿ ತಂದಿದ್ದಳು. ಆ ವಿಮಾನದವರೆಲ್ಲ ಹೊರಬಂದರು. ಅದರ ನಂತರ ಇಳಿದ ವಿಮಾನದವರೂ ಬಂದರು. ಎರಡು ಗಂಟೆಯಾದ ಮೇಲೆ ಶೈಲಜಾಳ ಫೋನಿಗೆ ಅಧಿಕಾರಿಯೊಬ್ಬಳು ಕರೆ ಮಾಡಿದಳು. ಗಿರಿಜಮ್ಮ ಚೀಟಿಯಲ್ಲಿ 'ಇಲ್ಲ' ಎಂದಿದ್ದರು. ಬಾಯಲ್ಲಿ ಎರಡು ಸಲ ಕೇಳಿದಾಗಲೂ 'ನೋ' ಎಂದಿದ್ದರು. ಆಮೇಲೆ ಚೀಲದಲ್ಲಿ ಬಜೆ ಬೇರು, ಹಸಿ ಅರಿಶಿನದ ಕೊಂಬು, ಬಾಣಂತಿಗೆಂದು ವೀಳ್ಯದೆಲೆ, ಸೀರೆಯ ಮಡಿಕೆಯಲ್ಲಿ ಸಬ್ಬಸಿಗೆ ಬೀಜ ಸಿಕ್ಕವು. ಮಗಳಿಗೆ ಹಾಲು ಹೆಚ್ಚಲಿ ಎಂದು ಹಿತ್ತಲಲ್ಲಿ ಸೊಪ್ಪು ಬೆಳೆಯುವುದಕ್ಕೆ ತಂದ ಬೀಜ. ಹೊರದೇಶದ ಬೇರು, ಬೀಜ ಎಂದರೆ ಇಲ್ಲಿ ಬೆಳೆಗೆ ರೋಗ ತರುವ ವಸ್ತು. ಅದನ್ನು ಮುಚ್ಚಿಟ್ಟದ್ದು ಅದಕ್ಕಿಂತ ದೊಡ್ಡ ತಪ್ಪು. ವೀಸಾ ರದ್ದಾಗಿತ್ತು. ಸಿಗುವ ಮೊದಲ ವಿಮಾನಕ್ಕೆ ಅವರನ್ನು ಹಿಂದಕ್ಕೆ ಕಳಿಸುತ್ತಿದ್ದರು. ಆಕೆ ಕಠಿಣವಾಗಿ ಮಾತಾಡಲಿಲ್ಲ, ನಿಯಮ ಓದಿ ಹೇಳಿದಳು. ಜಗಳವಾಡುವುದಕ್ಕೆ ನನಗೆ ಒಂದು ಎಳೆಯೂ ಸಿಗಲಿಲ್ಲ.

ಫೋನಿನಲ್ಲಿ ಮಾತಾಡಲು ಬಿಟ್ಟರು. ಶೈಲಜಾ ಅಳುತ್ತ ಒಂದೇ ಪ್ರಶ್ನೆ ಕೇಳಿದಳು, ಯಾಕಮ್ಮ ಸುಳ್ಳು ಹೇಳಿದೆ ಅಂತ. ಅದಕ್ಕೆ ಗಿರಿಜಮ್ಮ, ನಳಿನಿಗೆ ಕೊಡು ಎಂದರಂತೆ. ನಾನು ಫೋನು ಹಿಡಿದು ಎರಡು ಹೆಜ್ಜೆ ಆಚೆ ಹೋದೆ.

"ನಿನ್ನ ದನೀಲಿ ಹೇಳಿದ್ದೆಯಲ್ಲ ಕಣಮ್ಮ, ಅದನ್ನೇ ಮಾಡ್ದೆ," ಎಂದರು ಗಿರಿಜಮ್ಮ. ದನಿಯಲ್ಲಿ ದೂರು ಇರಲಿಲ್ಲ, ಅದು ನನ್ನನ್ನು ಕೊಂದಿತು. "ಇವ್ಳಿಗೆ ಹೇಳಕ್ಕೆ ಹೋಗ್ಬೇಡ. ಹೇಳಿದ್ರೆ ನಿನ್ನ ಹತ್ರ ಮಾತು ಬಿಟ್ಬಿಡ್ತಾಳೆ. ಅಲ್ಲಿ ನೀನು ಬಿಟ್ರೆ ಅವ್ಳಿಗೆ ಯಾರಿದಾರೆ? ಬಾಣಂತನ ನೀನೇ ಮಾಡು."

ಮನೆ ತಲುಪಿದವಳೇ ಶೈಲಜಾ ಫ್ಲಾಸ್ಕಿನ ಕಾಫಿಯನ್ನು ಸಿಂಕಿಗೆ ಸುರಿದಳು. ನಾನು ಮನೆಗೆ ಬಂದು ತಾಯಂದಿರ ಗುಂಪಿಗೆ, ನಾನು ಹೇಳಿದ್ದು ತಪ್ಪು, ಎಲ್ಲವನ್ನೂ ತೋರಿಸಿ, 'ಹೌದು' ಎನ್ನಿ ಎಂದು ಇನ್ನೊಮ್ಮೆ ಮಾತಾಡಿ ಕಳಿಸಿದೆ. ಆಡಿಲೇಡಿನ ಗೆಳತಿಗೆ ಫೋನು ಮಾಡಿದರೆ, ಅಯ್ಯೋ, ನನಗೂ ಯಾರೋ ಕಳಿಸಿದ್ದು ಎಂದಳು. ಆ 'ಯಾರೋ' ಯಾರೆಂದು ಇವತ್ತಿಗೂ ಗೊತ್ತಿಲ್ಲ.

ಒಂಬತ್ತು ದಿನಕ್ಕೆ ಹೆರಿಗೆಯಾಯಿತು, ಗಂಡು ಮಗು. ಆಫೀಸಿಗೆ ರಜೆ ಹಾಕಿ ಬಾಣಂತನಕ್ಕೆ ನಿಂತೆ. ಅಜ್ಜಿ ಮಾಡುತ್ತಿದ್ದುದನ್ನು ಬಾಗಿಲ ಸಂದಿಯಿಂದ ನೋಡಿದ್ದು ಬಿಟ್ಟರೆ ನನಗೆ ಬೇರೆ ವಿದ್ಯೆಯಿಲ್ಲ. ಸ್ನಾನದ ಕೋಣೆಯ ನೆಲದ ಮೇಲೆ ಕಾಲು ಚಾಚಿ ಕೂತು, ಮೊಣಕಾಲ ಕೆಳಗೆ ಮಗುವನ್ನು ಮಲಗಿಸಿ ನೀರು ಹಾಕುತ್ತಿದ್ದೆ. ಸಾಂಬ್ರಾಣಿ ಹಾಕಿದ ಮೊದಲ ದಿನ ಛಾವಣಿಯ ಹೊಗೆ ಗಂಟೆ ಬಡಿದುಕೊಂಡು, ಪಕ್ಕದ ಮನೆಯ ಮುದುಕ ಬೆಂಕಿ ಬಿತ್ತೇ ಎಂದು ಓಡಿ ಬಂದ. ಶೈಲಜಾ ಹೊಟ್ಟೆ ಹಿಡಿದುಕೊಂಡು ನಕ್ಕಳು. ಆ ಮನೆಯಲ್ಲಿ ನಗು ಕೇಳಿದ್ದು ಅದೊಂದೇ ದಿನ.

ಮಿಕ್ಕ ದಿನವೆಲ್ಲ ತಾಯಿಯನ್ನು ಬಯ್ಯುತ್ತಿದ್ದಳು. ಗಿರಿಜಮ್ಮನ ಕರೆ ಬಂದರೆ ಎತ್ತುತ್ತಿರಲಿಲ್ಲ. ಮೊಮ್ಮಗನ ಮುಖಕ್ಕಿಂತ ಅವಳಿಗೆ ಬಜೆ ಬೇರು ಹೆಚ್ಚಾಯಿತು ಎನ್ನುತ್ತಿದ್ದಳು. ಮೇಷ್ಟ್ರ ಹೆಂಡತಿಯಾಗಿ ನಲವತ್ತು ವರ್ಷ ಬಾಳಿದವಳು ಪರದೇಶದಲ್ಲಿ ಎರಡು ಸಲ ಸುಳ್ಳು ಹೇಳಿದಳಲ್ಲ ಎನ್ನುತ್ತಿದ್ದಳು. ನಾನು ಮಗುವಿಗೆ ಎಣ್ಣೆ ಹಚ್ಚುತ್ತ ತಲೆ ತಗ್ಗಿಸಿರುತ್ತಿದ್ದೆ. ಮಧ್ಯಾಹ್ನ ಗಿರಿಜಮ್ಮ ನನಗೆ ಕರೆ ಮಾಡುತ್ತಿದ್ದರು. ಮಗು ಎಷ್ಟು ಹೊತ್ತು ಮಲಗಿತು, ಅವಳು ಬಿಸಿಯೂಟ ಮಾಡಿದಳೇ, ಕಿವಿಗೆ ಹತ್ತಿ ಇಟ್ಟುಕೊಂಡಿದ್ದಾಳೆಯೇ. ಮಗಳು ಫೋನು ಎತ್ತದಿರುವುದನ್ನು ಕೇಳಿದರೆ, ಬಾಣಂತಿ ಕೋಪ, ಇಳಿಯುತ್ತೆ ಬಿಡು ಎನ್ನುತ್ತಿದ್ದರು. ಒಂದು ದಿನ ಮಾತ್ರ, ಮಗು ಯಾರ ಹಾಗಿದೆ ನೀನೇ ಹೇಳಿಬಿಡು, ಫೋಟೋದಲ್ಲಿ ತಿಳಿಯಲ್ಲ ಎಂದರು.

ಅವತ್ತು ರಾತ್ರಿ ಒಬ್ಬಳೇ ಕೂತು ಲೆಕ್ಕ ಹಾಕಿದೆ. ಸುಮ್ಮನಿದ್ದರೆ ಈ ಹುಡುಗಿ ನನ್ನವಳಾಗಿ ಉಳಿಯುತ್ತಾಳೆ, ಹೆತ್ತವಳಿಗೆ ಇಲ್ಲವಾಗುತ್ತಾಳೆ. ಹೇಳಿದರೆ ಈ ಬಡಾವಣೆಯಲ್ಲಿ ನನ್ನನ್ನು ಅಕ್ಕ ಎನ್ನುವ ಒಂದೇ ಬಾಯಿ ಮುಚ್ಚುತ್ತದೆ. ಇಪ್ಪತ್ತು ದಿನ ನಾನು ಮೊದಲನೆಯದನ್ನೇ ಆರಿಸಿಕೊಂಡಿದ್ದೆ. ಗಿರಿಜಮ್ಮನ ಅಪ್ಪಣೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೆ. ಅದು ಅಪ್ಪಣೆಯಲ್ಲ, ನನ್ನ ಆಸೆ.

ಮಾರನೆಯ ದಿನ ಮಗುವಿಗೆ ನೀರು ಹಾಕಿ, ಒರೆಸಿ, ಅವಳ ಮಡಿಲಿಗೆ ಕೊಟ್ಟು, ಎಲ್ಲ ಹೇಳಿದೆ. ಅವಳು ನಂಬಲಿಲ್ಲ. ಹಾಕಿ ಕೇಳಿಸಿ ಎಂದಳು. ಫೋನು ಮೇಜಿನ ಮೇಲಿಟ್ಟು ಆ ಒಂದೂವರೆ ನಿಮಿಷವನ್ನು ಕೇಳಿಸಿದೆ. ಎಷ್ಟು ಅಕ್ಕರೆಯ ದನಿ ಅದು. ಹೆದರ್ಕೋಬೇಡಿ ಎನ್ನುವಾಗ ಮಗು ಗುರುತು ಹಿಡಿದು ಫೋನಿನ ಕಡೆ ತಲೆ ಹೊರಳಿಸಿತು.

"ಅಮ್ಮಂಗೆ ಗೊತ್ತಿತ್ತಾ, ಇದು ನಿಮ್ಮಿಂದ ಆಗಿದ್ದು ಅಂತ?"

"ಗೊತ್ತಿತ್ತು. ಹೇಳ್ಬೇಡ ಅಂದಿದ್ರು."

"ಇಪ್ಪತ್ತು ದಿನ ನಾನು ಅವಳನ್ನ ಬಯ್ಯೋದು ಕೇಳ್ಕೊಂಡು ನನ್ನ ಮಗೂಗೆ ಎಣ್ಣೆ ಹಚ್ಚಿದ್ರಲ್ಲ ಅಕ್ಕ."

ಫಾರ್ವರ್ಡ್ ಕಳಿಸಿದ್ದಕ್ಕೆ ಅವಳು ಒಂದು ಮಾತೂ ಅನ್ನಲಿಲ್ಲ. ಅಂದದ್ದು ಇಷ್ಟೇ. ಎದ್ದು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಒಳಗಿಂದ "ಅಮ್ಮಾ" ಎನ್ನುವುದು ಕೇಳಿಸಿತು, ಆಮೇಲೆ ಬಹಳ ಹೊತ್ತು ಅಳು. ನಾನು ಎಣ್ಣೆ ಬಟ್ಟಲು ತೊಳೆದಿಟ್ಟು, ಬಾಗಿಲು ಎಳೆದುಕೊಂಡು ಮನೆಗೆ ಬಂದೆ. ಮಾರನೆಯ ಬೆಳಿಗ್ಗೆ ಹೋದಾಗ, ಗಣಿಯಿಂದ ಬಂದಿದ್ದ ಅವಳ ಗಂಡ ಬಾಗಿಲಲ್ಲೇ ನಿಂತು, ನಾನೇ ನೋಡಿಕೊಳ್ಳುತ್ತೇನೆ ಮೇಡಂ, ನಿಮಗೆ ತೊಂದರೆ ಬೇಡ ಎಂದ. ಅದುವರೆಗೆ ಅವನೂ ಅಕ್ಕ ಎನ್ನುತ್ತಿದ್ದ.

ಈಗ ನಾಲ್ಕು ತಿಂಗಳಾಯಿತು. ಯಾವ ಗುಂಪಿಗೂ ನಾನು ಏನೂ ಹಾಕುವುದಿಲ್ಲ. ಮೊದಮೊದಲು ಊರಿನವರು ಯಾಕೆ ಸುದ್ದಿಯಿಲ್ಲ ಎಂದು ಕೇಳಿದರು, ಆಮೇಲೆ ಬಿಟ್ಟರು. ನನ್ನ ಸುದ್ದಿಗಳಿಲ್ಲದೆ ಹಾಸನಕ್ಕೆ ಏನೂ ಕಮ್ಮಿಯಾಗಲಿಲ್ಲ. ಇದೊಂದನ್ನು ಬರೆಯುತ್ತಿರುವುದು ಮಗಳ ಬಾಣಂತನಕ್ಕೆ ಚೀಲ ಕಟ್ಟುತ್ತಿರುವ ತಾಯಿ ಯಾರಾದರೂ ಓದಲಿ ಎಂದು. ಚೀಟಿಯಲ್ಲಿ 'ಹೌದು' ಎನ್ನಿ ತಾಯಿ. ಬೇರು ಹೋದರೆ ಹೋಗಲಿ, ನೀವು ಬನ್ನಿ. ನನ್ನ ಮಾತನ್ನೂ ನಂಬಬೇಡಿ, ವಿಚಾರಿಸಿ.

ಸಂಜೆ ಆಫೀಸಿನಿಂದ ಬರುವಾಗ ಶೈಲಜಾಳ ಮನೆಯ ಮುಂದೆ ಕಾರು ನಿಧಾನಿಸುತ್ತೇನೆ. ಪರದೆ ಎಳೆದಿರುತ್ತದೆ. ಒಮ್ಮೊಮ್ಮೆ ಮಗುವಿನ ಅಳು ಕೇಳಿಸುತ್ತದೆ, ಹಸಿವೋ ಹೊಟ್ಟೆನೋವೋ ತಿಳಿಯುವುದಿಲ್ಲ. ಇಳಿದು ಬೆಲ್ ಒತ್ತುವ ಧೈರ್ಯ ಇನ್ನೂ ಬಂದಿಲ್ಲ. ಮನೆಗೆ ಬಂದು ಕೂತರೆ ವಾರಕ್ಕೊಮ್ಮೆ ಹುಣಸೂರಿನಿಂದ ಫೋನು ಬರುತ್ತದೆ. ತಾಯಿ ಮಗಳು ಈಗ ದಿನಾ ವಿಡಿಯೋದಲ್ಲಿ ಮಾತಾಡುತ್ತಾರೆ.

ಮೊನ್ನೆ ಗಿರಿಜಮ್ಮ ಹೇಳಿದರು, "ನಿನ್ನೆ ಬೋರಲು ಬಿದ್ದ ಕಣಮ್ಮ. ಬಿದ್ದೋನು ತಲೆ ಎತ್ತಿ ನಕ್ಕ. ನೀನು ನೋಡ್ಬೇಕಿತ್ತು."

ಮೂರು ಮನೆ ಆಚೆ.