ಆ ಬೆನ್ನು ಯಾರದ್ದು?

ಹಳೆಯ ಫ್ಯಾಶನ್ ಪತ್ರಿಕೆಗಳಿಗೆ ಒಂದು ವಾಸನೆ ಇರುತ್ತದೆ, ನಿಮಗೂ ಗೊತ್ತಿರಬಹುದು. ನಡುವೆ ಎಲ್ಲೋ ಒಂದು ದಪ್ಪ ಹಾಳೆ, ಅದರ ಅಂಚನ್ನು ಮಡಚಿ ಅಂಟಿಸಿರುತ್ತಾರೆ. ಬಿಡಿಸಿ ಮಣಿಕಟ್ಟಿಗೆ ಉಜ್ಜಿಕೊಂಡರೆ ಸೆಂಟು ಪುಕ್ಕಟೆ. ಇವತ್ತು ಬೆಳಿಗ್ಗೆ ಗಲ್ಫಿನ ಈ ಮಾಹೂಝ್‌ನ ನಮ್ಮ ಫ್ಲ್ಯಾಟಿನಲ್ಲಿ ಕಪಾಟಿನ ಮೇಲಿಂದ ಹಳೆ ಸೂಟ್‌ಕೇಸ್ ಇಳಿಸಿ ಮುಚ್ಚಳ ತೆಗೆದದ್ದೇ ತಡ, ಆ ವಾಸನೆ ಬಂತು. ಅರ್ಧ ಗುಲಾಬಿ, ಅರ್ಧ ಡಾಂಬರು ಗುಳಿಗೆ. ನಾಲ್ಕು ಸಲ ಸೀನಿದೆ.

ಸೂಟ್‌ಕೇಸ್ ಇಳಿಸಲು ಕಾರಣ ಸಫಿಯಾಳ ಫೋನು. ಸಫಿಯಾ ಅಂದರೆ ನಮ್ಮ ಜುಬೈದಕ್ಕನ ಸೊಸೆ. ಜುಬೈದಕ್ಕ ಅಂದರೆ ನಾವು ಇದೇ ಊರಿನ ಗುದೈಬಿಯಾದಲ್ಲಿದ್ದಾಗ ಎದುರು ಬಾಗಿಲಿನವರು. ಗಂಡ ನಿವೃತ್ತರಾದ ಮೇಲೆ ಉಳ್ಳಾಲಕ್ಕೆ ಹೋಗಿ ನೆಲೆಸಿದ್ದಾರೆ. ಈಗ ಮೊಣಗಂಟಿನ ಆಪರೇಷನ್ ಆಗಿ ಮಂಗಳೂರಿನ ಆಸ್ಪತ್ರೆಯಲ್ಲಿ ಮಲಗಿದ್ದಾರಂತೆ.

“ಆಂಟಿ, ಮಾಮಿ ಇಲ್ಲಿ ನರ್ಸುಗಳ ಹತ್ರ ಎಲ್ಲ ಹೇಳ್ತಾ ಇದ್ದಾರೆ, ನಾನು ಫಾರಿನ್ ಮ್ಯಾಗಜಿನ್‌ನಲ್ಲಿ ಬಂದಿದ್ದೇನೆ ಅಂತ. ಅವರು ನಗ್ತಾರೆ, ಮದ್ದಿನ ಅಮಲು ಅಂತ. ಮಾಮಿಗೆ ಬೇಜಾರಾಗಿ ನಿನ್ನೆಯಿಂದ ಊಟ ಸಹ ಸರಿ ಮಾಡ್ಲಿಲ್ಲ. ಆ ಪುಸ್ತಕ ನಿಮ್ಮ ಹತ್ರ ಉಂಟಂತೆ ಅಲ್ವಾ? ಒಂದು ಫೋಟೋ ತೆಗೆದು ಕಳಿಸ್ತೀರಾ?”

ಪುಸ್ತಕ ಇದೆ. ಆದರೆ ಅದರಲ್ಲಿರುವುದು ಜುಬೈದಕ್ಕ ಅಲ್ಲ, ನಾನು. ಈ ವಿಷಯದಲ್ಲಿ ನಮ್ಮಿಬ್ಬರ ತಕರಾರು ವರ್ಷಗಟ್ಟಲೆ ನಡೆದಿದೆ. ನೀವೇ ಕೇಳಿ ಹೇಳಿ.

ಆಗ ನಾನು ಇದೇ ಮಾಹೂಝ್‌ನ ಒಂದು ಹಲ್ಲಿನ ಕ್ಲಿನಿಕ್ಕಿನಲ್ಲಿ ರಿಸೆಪ್ಶನಿಸ್ಟ್. ಗುದೈಬಿಯಾದಿಂದ ದಿನಾ ಬಂದು ಹೋಗುತ್ತಿದ್ದೆ. ಕಾಯುವ ಕೋಣೆಯ ಗಾಜಿನ ಮೇಜಿನ ಮೇಲೆ ವಿದೇಶದ ಫ್ಯಾಶನ್ ಪತ್ರಿಕೆಗಳನ್ನು ಬೀಸಣಿಗೆಯಂತೆ ಹರಡಿಡುವುದು ನನ್ನ ಕೆಲಸಗಳಲ್ಲಿ ಒಂದು. ಕೆನ್ನೆ ಊದಿಸಿಕೊಂಡು ಬಂದ ಪಾಪದವರಿಗೆ ಅಷ್ಟು ಚಂದದ ಮುಖಗಳನ್ನು ಯಾಕೆ ತೋರಿಸಬೇಕೋ ಗೊತ್ತಿಲ್ಲ. ರೋಗಿಗಳು ಮುಟ್ಟುತ್ತಿರಲಿಲ್ಲ, ನಾನು ಒಂದನ್ನೂ ಬಿಡುತ್ತಿರಲಿಲ್ಲ. ಎಲ್ಲ ಪುಟದಲ್ಲೂ ಒಂದೇ ಜಾತಿಯ ಹುಡುಗಿ: ಹಾಲಿನ ಬಣ್ಣ, ಮುನಿಸಿಕೊಂಡ ತುಟಿ, ಊಟಕ್ಕೆ ಕರೆದರೂ ಬರಲಾರೆ ಎನ್ನುವ ಕಣ್ಣು. ನಮ್ಮ ಕಡೆಯವರು ಇರಲೇ ಇಲ್ಲ ಅಂತಲ್ಲ. ರಾಜಸ್ಥಾನದ ಅರಮನೆಯ ಮುಂದೆ ಒಂಟೆ, ಒಂಟೆಯ ಮೇಲೆ ಬಿಳಿ ಹುಡುಗಿ, ಹಗ್ಗ ಹಿಡಿದವನು ನಮ್ಮವನು. ಕೇರಳದ ಹಿನ್ನೀರಿನಲ್ಲಿ ದೋಣಿ, ದೋಣಿಯಲ್ಲಿ ಬಿಳಿ ಹುಡುಗಿ, ಹುಟ್ಟು ಹಾಕುವವನು ನಮ್ಮವನು. ಅವಳ ಚಪ್ಪಲಿಯದ್ದು, ಓಲೆಯದ್ದು, ಟೋಪಿಯದ್ದು ಎಲ್ಲ ಹೆಸರನ್ನೂ ಪುಟದ ಮೂಲೆಯಲ್ಲಿ ಬರೆದಿರುತ್ತಿದ್ದರು. ಒಂಟೆಯವನ ಹೆಸರನ್ನು ನಾನು ಹುಡುಕಿ ಹುಡುಕಿ ಸೋತೆ.

ಹಳತಾದ ಪತ್ರಿಕೆಗಳನ್ನು ಮನೆಗೆ ತರುತ್ತಿದ್ದೆ, ಮಗಳು ನಿಧಿ ಕತ್ತರಿಸಿ ಆಡುತ್ತಿದ್ದಳು. ಎರಡನೇ ಕ್ಲಾಸಿನವಳು. ಒಂದು ಸಂಜೆ ಅವಳು ‘ಮೈ ಮದರ್’ ಅಂತ ನನ್ನ ಚಿತ್ರ ಬಿಡಿಸಿದಳು. ಮುಖಕ್ಕೆ ತೆಳು ಗುಲಾಬಿ ಬಣ್ಣ. “ಇದ್ಯಾರು ಮಗಾ, ಬೇಯಿಸಿದ ಸಿಗಡಿಯಾ?” ಅಂದೆ. ಅವಳು ಕ್ರೇಯಾನಿನ ಕಡ್ಡಿ ತೋರಿಸಿದಳು. “ಇದೇ ಅಮ್ಮಾ ಸ್ಕಿನ್ ಕಲರ್. ಟೀಚರ್ ಹೇಳಿದ್ದಾರೆ.” ಕಂದು ಕಡ್ಡಿ ಕೊಟ್ಟೆ. ಅದು ಮರದ ಕಲರ್, ಬುಕ್ಕಿನಲ್ಲಿ ಯಾರ ಮುಖವೂ ಹಾಗಿರುವುದಿಲ್ಲ ಎಂದು ವಾಪಸು ಇಟ್ಟಳು. ನನಗೆ ನಿಜವಾಗಿ ಬೇಸರವಾಯಿತು. ಅವಳ ಮೇಲಲ್ಲ, ಆ ಪತ್ರಿಕೆಗಳ ರಾಶಿಯನ್ನು ದಿನವೂ ಹೊತ್ತು ತಂದವಳು ನಾನೇ ಅಲ್ಲವೇ.

ಹೀಗಿರುವಾಗ ಒಂದು ಚಳಿಗಾಲದ ಮಧ್ಯಾಹ್ನ ಒಬ್ಬ ಬಿಳಿ ಹೆಂಗಸು ಕೆನ್ನೆ ಹಿಡಿದುಕೊಂಡು ಕ್ಲಿನಿಕ್ಕಿಗೆ ಬಂದಳು. ಅಂಥದೇ ಒಂದು ಪತ್ರಿಕೆಗೆ ಫೋಟೋ ತೆಗೆಸಲು ಬಂದ ತಂಡದವಳು, ಯಾರಿಗೆ ಯಾವ ಬಟ್ಟೆ ಎಂದು ನಿರ್ಧರಿಸುವವಳು. ಡಾಕ್ಟರು ಇಂಜೆಕ್ಷನ್ ಕೊಟ್ಟು ಹಲ್ಲು ಸರಿ ಮಾಡಿ ಕಳಿಸಿದರು. ಬಿಲ್ಲಿಗೆ ಸಹಿ ಹಾಕುತ್ತ ನನ್ನನ್ನೇ ನೋಡಿದಳು. ಮರಗಟ್ಟಿದ ತುಟಿಯಿಂದ ಇಂಗ್ಲಿಷಿನಲ್ಲಿ ಏನೋ ಹೇಳಿದಳು. ನನಗೆ ಕೇಳಿಸಿದ್ದು ಇಷ್ಟು: ಶುಕ್ರವಾರ ಬೆಳಿಗ್ಗೆ, ಮುಹರ್ರಕ್‌ನ ಹಳೆ ಗಲ್ಲಿ, ಏಷ್ಯನ್ ಸ್ಟೋರಿ, ನೀವು ಬರಬೇಕು. ‘ಬ್ಯಾಕ್‌ಗ್ರೌಂಡ್’ ಎಂಬ ಶಬ್ದವನ್ನೂ ಅವಳು ಹೇಳಿರಲೇಬೇಕು. ಅದು ಆ ಸತ್ತ ತುಟಿಯಲ್ಲಿ ಎಲ್ಲೋ ಸಿಕ್ಕಿಹಾಕಿಕೊಂಡಿತು.

ಇಲ್ಲಿ ಒಂದು ಮಾತು ಬಿಡಿಸಿ ಹೇಳಬೇಕು. ಈ ಊರಿನಲ್ಲಿ ಏಷ್ಯನ್ ಅಂದರೆ ನಾವು. ಪೇಪರಿನಲ್ಲಿ ‘ಏಷ್ಯನ್ ಕಾರ್ಮಿಕನಿಗೆ ಗಾಯ’ ಅಂತ ಬಂದರೆ ಅವನು ಬಿಹಾರದವನೋ ಬಾಂಗ್ಲಾದವನೋ ಇರುತ್ತಾನೆ. ‘ಏಷ್ಯನ್ ಫ್ಯಾಮಿಲಿಗೆ ಮಾತ್ರ’ ಎಂಬ ಬಾಡಿಗೆ ಬೋರ್ಡು ನೋಡಿಯೇ ನಮಗೆ ಗುದೈಬಿಯಾದ ಮನೆ ಸಿಕ್ಕಿದ್ದು. ಆದ್ದರಿಂದ ಏಷ್ಯನ್ ಸ್ಟೋರಿ ಅಂದ ಕೂಡಲೇ ಆ ಸ್ಟೋರಿಯ ನಾಯಕಿ ಯಾರು ಎನ್ನುವುದರಲ್ಲಿ ನನಗೆ ಎಳ್ಳಷ್ಟೂ ಸಂಶಯ ಇರಲಿಲ್ಲ. ಒಂಟೆ ಹಗ್ಗದವರ ಕಾಲ ಮುಗಿಯಿತು, ಇನ್ನು ನಮ್ಮ ಸರದಿ ಅಂದುಕೊಂಡೆ.

ಹುಬ್ಬು ತೆಗೆಸಿದೆ. ಕಡಲೆಹಿಟ್ಟು, ಮೊಸರು ಹಚ್ಚಿಕೊಂಡು ಕೂತೆ. ರಾತ್ರಿ ಅನ್ನ ಬಿಟ್ಟೆ. ಕನ್ನಡಿಯ ಮುಂದೆ ಮುನಿಸಿಕೊಂಡ ತುಟಿಯನ್ನು ಅಭ್ಯಾಸ ಮಾಡುತ್ತಿದ್ದಾಗ ನಿಧಿ ಬಂದು, “ಅಮ್ಮಾ, ಹಲ್ಲು ನೋವಾ?” ಅಂದಳು. “ನೋಡು, ಸ್ವಲ್ಪ ದಿನದಲ್ಲಿ ಬುಕ್ಕಿನಲ್ಲಿ ಅಮ್ಮನ ಮುಖ ಬರ್ತದೆ, ಇದೇ ಬಣ್ಣದಲ್ಲಿ,” ಅಂದೆ. ಅವಳು ಕಣ್ಣರಳಿಸಿ ಇಡೀ ಕ್ಲಾಸಿಗೆ ಹೇಳಿ ಬಂದಳು. ನನ್ನ ಗಂಡ ಪೇಪರಿನ ಹಿಂದಿನಿಂದ, “ಎಂತದರ ಜಾಹೀರಾತಂತೆ? ನೋವಿನ ಎಣ್ಣೆಯದ್ದಾ?” ಎಂದರು. ಉತ್ತರ ಕೊಡಲಿಲ್ಲ. ದೊಡ್ಡ ಮಾಡೆಲ್‌ಗಳು ಎಲ್ಲದಕ್ಕೂ ಉತ್ತರ ಕೊಡುವುದಿಲ್ಲ.

ಒಬ್ಬಳೇ ಹೋಗಲು ಧೈರ್ಯ ಸಾಲದೆ ಜುಬೈದಕ್ಕನನ್ನು ಕರೆದೆ. “ಜುಮಾ ನಮಾಜಿಗೆ ಮೊದಲು ಮುಗೀತದಾ? ಇವರು ಪಳ್ಳಿಯಿಂದ ಬರುವಾಗ ಊಟ ರೆಡಿ ಆಗ್ಬೇಕು,” ಎಂದರು. ಮುಗಿಯುತ್ತದೆ ಎಂದೆ. ಅವರು ಬುರ್ಖಾ ತೊಟ್ಟು, ಒಂದು ಡಬ್ಬಿಯಲ್ಲಿ ಬೆಲ್ಲದ ಕಲ್ತಪ್ಪ ತುಂಬಿಕೊಂಡು ಹೊರಟರು. ನಾನು ಮದುವೆಯ ಹಸಿರು ರೇಷ್ಮೆ ಸೀರೆ ಉಟ್ಟಿದ್ದೆ, ಅಂಗೈ ಅಗಲದ ಜರಿ. ಟ್ಯಾಕ್ಸಿಯವನು ಯಾರ ಮದುವೆ ಎಂದು ಕೇಳಿದ.

ಗಲ್ಲಿಯಲ್ಲಿ ಲೈಟು, ಕೊಡೆ, ವ್ಯಾನು, ಗಲಾಟೆ. ಹಲ್ಲಿನ ಹೆಂಗಸು ನನ್ನ ಸೀರೆಯನ್ನು ನೋಡಿ ಹೌಹಾರಿದಳು. ಮರುಗಳಿಗೆ ಒಂದು ಕಡುನೀಲಿ ಶಾಲು ತಂದು ತಲೆಯಿಂದ ಸೊಂಟದವರೆಗೆ ನನ್ನನ್ನು ಸುತ್ತಿಬಿಟ್ಟಳು. ಅಂಥದೇ ಇನ್ನೊಂದನ್ನು ಜುಬೈದಕ್ಕನಿಗೂ ಸುತ್ತಿದಳು. ಇಬ್ಬರ ಕೈಗೂ ಒಂದೊಂದು ಈಚಲಗರಿಯ ಬುಟ್ಟಿ ಕೊಟ್ಟು, ಗೋಡೆಯ ಕಡೆ ಮುಖ ಮಾಡಿ ನಿಲ್ಲಿ ಎಂದಳು. ಮುಖವನ್ನು ಕೊನೆಗೆ ತೆಗೆಯುತ್ತಾರೆ ಎಂದುಕೊಂಡು ನಿಂತೆ.

ಆಗ ವ್ಯಾನಿನಿಂದ ಏಷ್ಯನ್ ಮಾಡೆಲ್ ಇಳಿದಳು. ಚೀನಾದ ಹುಡುಗಿ. ತೆಂಗಿನ ಕಡ್ಡಿಯ ಹಾಗೆ ಉದ್ದ, ಸಪಾಟು ಕೆನ್ನೆ, ಗೀರಿದಂಥ ಕಣ್ಣು.

ನನ್ನ ಏಷ್ಯಾ ಎಷ್ಟು ಸಣ್ಣದು ಎಂದು ಆಗ ಗೊತ್ತಾಯಿತು. ಅದು ಉಡುಪಿಯಿಂದ ಹೊರಟು ಹೆಚ್ಚೆಂದರೆ ಢಾಕಾದಲ್ಲಿ ಮುಗಿಯುತ್ತಿತ್ತು. ಇನ್ನೂ ತಮಾಷೆ ಕೇಳಿ. ಅವಳನ್ನು ನೋಡಿ ನನ್ನ ಬಾಯಿಂದ ಬಂದ ಮೊದಲ ಮಾತು, “ಇವಳಾ ಜುಬೈದಕ್ಕಾ? ಎಂತ ಉಂಟು ಇವಳಲ್ಲಿ? ಕಣ್ಣೇ ಇಲ್ಲ!” ಕಂದು ಬಣ್ಣಕ್ಕೆ ನ್ಯಾಯ ಬೇಕು ಎಂದು ಹುಬ್ಬು ತೆಗೆಸಿಕೊಂಡು ಬಂದವಳ ಮಾತು ಇದು.

ಬಿಡುವಿನಲ್ಲಿ ಆ ಹುಡುಗಿ ಎತ್ತರದ ಚಪ್ಪಲಿ ಕಳಚಿ ನಮ್ಮ ಪಕ್ಕದ ಮೆಟ್ಟಿಲಲ್ಲಿ ಬಂದು ಕೂತಳು. ಜುಬೈದಕ್ಕ ಡಬ್ಬಿ ಮುಚ್ಚಳ ತೆಗೆದು, “ತಿನ್ನು ಮಗಳೇ, ಕೋಲಿನ ಹಾಗೆ ಆಗಿದ್ದಿ,” ಎಂದು ಕಲ್ತಪ್ಪ ಮುಂದೆ ಹಿಡಿದರು. ಭಾಷೆ ತಿಳಿಯದಿದ್ದರೂ ಅವಳಿಗೆ ಅರ್ಥವಾಯಿತು. ಅಕ್ಕಿ, ಬೆಲ್ಲ, ತೆಂಗಿನಕಾಯಿಯ ಆ ತುಂಡನ್ನು ಕದ್ದವಳಂತೆ ಗಬಗಬ ತಿಂದಳು. ಆಮೇಲೆ ಹರಕುಮುರುಕು ಇಂಗ್ಲಿಷಿನಲ್ಲಿ ಮಾತಾಡಿದಳು. ಊರಿನಲ್ಲಿ ಅವಳ ಅತ್ತೆಯಂದಿರು ಈ ಕಣ್ಣಿಗೆ ಗಂಡು ಸಿಗುವುದಿಲ್ಲ ಎನ್ನುತ್ತಿದ್ದರಂತೆ. ಇಲ್ಲಿಯವರಿಗೆ ಅದೇ ಕಣ್ಣು ಬೇಕು, ಅದೂ ಸಾಲದೆ ಕಾಡಿಗೆ ಎಳೆದು ಇನ್ನಷ್ಟು ಉದ್ದ ಮಾಡುತ್ತಾರೆ. “ನಾನು ಏಷ್ಯನ್ ಆಗಿರುವುದು ಸಾಲದು, ಇನ್ನೂ ಸ್ವಲ್ಪ ಏಷ್ಯನ್ ಮಾಡ್ತಾರೆ,” ಎಂದು ನಕ್ಕಳು. ಒಂದು ಸಂಚಿಕೆಗೆ ಅವಳಂಥವಳು ಒಬ್ಬಳೇ. ಅವಳ ಗೆಳತಿಗೆ ಕೆಲಸ ಸಿಕ್ಕಿದರೆ ಇವಳಿಗಿಲ್ಲ, ಇವಳಿಗೆ ಸಿಕ್ಕಿದರೆ ಗೆಳತಿಗಿಲ್ಲ.

ನಾನು ಅನುವಾದ ಮಾಡಿದೆ. ಜುಬೈದಕ್ಕ ಇನ್ನೊಂದು ತುಂಡು ಕೊಟ್ಟು, “ಅಷ್ಟು ದೊಡ್ಡ ಏಷ್ಯಾಕ್ಕೆ ಇವಳೊಬ್ಬಳೇ ಸಾಕಾ ಇವರಿಗೆ?” ಎಂದರು. ಅದನ್ನು ಇಂಗ್ಲಿಷಿಗೆ ಮಾಡಿ ಹೇಳಿದಾಗ ಹುಡುಗಿ ಬಾಯಿತುಂಬ ನಕ್ಕಳು. ಎಂಥ ಚಂದದ ನಗು ಅಂತೀರಿ. ಫೋಟೋದಲ್ಲಿ ಮಾತ್ರ ಅವಳನ್ನು ನಗಲು ಬಿಡಲಿಲ್ಲ.

ಮತ್ತೆ ಶುರುವಾಯಿತು. ಅವಳು ಮುಂದೆ, ನಮ್ಮ ಬೆನ್ನುಗಳು ಹಿಂದೆ. ಮುಖದ ಸರದಿ ಬಂತೋ ಏನೋ ಎಂದು ನಾನು ಹೊರಳಿ ಹೊರಳಿ ನೋಡುತ್ತಿದ್ದೆ, ಕ್ಯಾಮೆರಾದವನು ಪ್ರತಿ ಸಲವೂ ಕೂಗುತ್ತಿದ್ದ. “ಸುಮ್ಮನೆ ನಿಲ್ಲು ಮಾರಾಯ್ತಿ, ನಂಗೆ ಬೆನ್ನೇ ಒಳ್ಳೆದು. ಮನೆಯಲ್ಲಿ ಇವರು ಕೇಳಿದ್ರೂ ಮುಖ ತೋರಿಸ್ಲಿಲ್ಲ ಅಂತ ಹೇಳಬಹುದು,” ಎಂದು ಜುಬೈದಕ್ಕ ಗೋಡೆಗೆ ಹೇಳಿದರು. ಮುಖದ ಸರದಿ ಬರಲೇ ಇಲ್ಲ. ಕೊನೆಗೆ ರೇಷ್ಮೆ ಸೀರೆಯ ಮೇಲಿನ ಮಮತೆಯಿಂದ, ಯಾರೂ ನೋಡದಾಗ, ಮೊಣಕೈಯ ಹತ್ತಿರ ಶಾಲಿನ ಒಳಗಿಂದ ಜರಿಯಂಚನ್ನು ಒಂದು ಬೆರಳಿನಷ್ಟು ಹೊರಗೆ ಎಳೆದು ಬಿಟ್ಟೆ.

ಕೆಲವು ತಿಂಗಳ ಮೇಲೆ ಆ ಸಂಚಿಕೆ ಕ್ಲಿನಿಕ್ಕಿಗೆ ಬಂತು. ಪುಟ ತುಂಬ ಚೀನಾದ ಹುಡುಗಿ. ಅವಳ ಭುಜದಾಚೆ, ಮಸುಕು ಮಸುಕಾಗಿ, ಕಡುನೀಲಿ ಶಾಲಿನ ಒಂದು ಬೆನ್ನು. ಒಂದೇ! ಇನ್ನೊಂದನ್ನು ಕತ್ತರಿಸಿ ಹಾಕಿದ್ದರು. ಸೊಂಟದ ಕೆಳಗೆ ಪುಟ ಮುಗಿದಿತ್ತು, ಸೀರೆಯೋ ಬುರ್ಖಾವೋ ತಿಳಿಯುವಂತಿರಲಿಲ್ಲ. ನಾನು ಎಳೆದು ಬಿಟ್ಟಿದ್ದ ಜರಿಯೂ ಆ ಮಸುಕಿನಲ್ಲಿ ಕಣ್ಣಿಗೆ ಬೀಳಲಿಲ್ಲ. ಮನೆಗೆ ಓಡಿಬಂದು ನಿಧಿಗೆ ತೋರಿಸಿದೆ. “ಮುಖ ಎಲ್ಲಿ?” ಎಂದಳು. ಅಷ್ಟೇ ಕೇಳಿದ್ದು. ನನಗೆ ಅಳು ಬಂತು, ಅಡುಗೆಮನೆಗೆ ಹೋಗಿ ಈರುಳ್ಳಿ ಹೆಚ್ಚಿದೆ.

ಸಂಜೆ ಜುಬೈದಕ್ಕ ಬಂದು ಕನ್ನಡಕ ಏರಿಸಿ ನೋಡಿ, “ಅಲ್ಲಾ! ಇದು ನಾನಲ್ವಾ!” ಎಂದರು. ನಾನು ಬಿಡುತ್ತೇನೆಯೇ? ಭುಜ ನನ್ನದು ಎಂದೆ. ಗೂನು ನಿನಗುಂಟಾ ಎಂದರು. ನಿಂತ ಗತ್ತು ನನ್ನದು ಎಂದೆ. ಗತ್ತಲ್ಲ, ಅದು ನನ್ನ ಮೊಣಗಂಟಿನ ನೋವು ಎಂದರು. ಒಂದು ಮಸುಕು ಬೆನ್ನಿಗೆ ಇಬ್ಬರು ವಾರಸುದಾರರು. ನನ್ನ ಗಂಡ ನ್ಯಾಯ ಹೇಳಲು ಹೆದರಿ ಸಾಮಾನು ತರಲು ಹೋದರು. ನಿಧಿಯನ್ನು ಕೇಳಿದೆವು. ಅವಳು ತಲೆ ಎತ್ತದೆ ಹೇಳಿದಳು: “ಅದು ಜುಬೈದಾಂಟಿ. ಅಮ್ಮ ಆಗಿದ್ರೆ ತಿರುಗಿ ನೋಡ್ತಿದ್ಳು.”

ಅಂದಿನಿಂದ ಗುದೈಬಿಯಾದ ನಮ್ಮ ಕಟ್ಟಡದಲ್ಲೆಲ್ಲ ಅದು ಜುಬೈದಕ್ಕನ ಬೆನ್ನೇ ಆಯಿತು. ನಾನು ಒಪ್ಪಲಿಲ್ಲ. ಅವರು ಊರಿಗೆ ಹೊರಟ ದಿನ ವಿಮಾನ ನಿಲ್ದಾಣದಲ್ಲಿ ತಬ್ಬಿಕೊಂಡು ಅತ್ತಾಗಲೂ, “ಈಗಾದ್ರೂ ಒಪ್ಪು ಮಾರಾಯ್ತಿ,” ಎಂದರು. ಆಗಲೂ ಒಪ್ಪಲಿಲ್ಲ.

ಇವತ್ತು ಆ ಪುಟ ತೆರೆದು ಮಂಚದ ಮೇಲೆ ಇಟ್ಟೆ. ಸಫಿಯಾಳಿಗೆ ಕಳಿಸಲು ಫೋನು ಹಿಡಿದು, ಸ್ಪಷ್ಟವಾಗಿ ಬರಲಿ ಎಂದು ಎರಡು ಬೆರಳಿನಿಂದ ಚಿತ್ರವನ್ನು ಹಿಗ್ಗಿಸಿದೆ. ಬೆನ್ನು ದೊಡ್ಡದಾಯಿತು. ಮೊಣಕೈ ದೊಡ್ಡದಾಯಿತು. ಅಲ್ಲಿ, ನೀಲಿಯ ಅಂಚಿನಲ್ಲಿ, ಒಂದು ಸಣ್ಣ ಹಳದಿ ಗೀಟು. ಜರಿ. ನನ್ನ ಮದುವೆಯ ಸೀರೆಯ ಜರಿ!

ಗೆದ್ದೆ ಎಂದು ಒಬ್ಬಳೇ ಕೂಗಿಕೊಂಡೆ. ನಿಧಿಗೆ ಕಳಿಸಬೇಕು, ಕಟ್ಟಡದವರಿಗೆಲ್ಲ ಕಳಿಸಬೇಕು ಅನಿಸಿತು. ಆಮೇಲೆ ಆಸ್ಪತ್ರೆಯ ಮಂಚ ಕಣ್ಣ ಮುಂದೆ ಬಂತು, ನಗುವ ನರ್ಸುಗಳು, ಮುಟ್ಟದೆ ಇಟ್ಟ ತಟ್ಟೆ. ಇಲ್ಲಿದ್ದಷ್ಟು ದಿನ ಎದುರು ಬಾಗಿಲಿನಿಂದ ನನಗೆ ಒಂದು ತಟ್ಟೆಯೂ ಖಾಲಿ ಬಂದದ್ದಿಲ್ಲ. ಪುಟ ಮಡಚಿಕೊಳ್ಳದಂತೆ ಹೆಬ್ಬೆರಳಿನಿಂದ ಒತ್ತಿ ಹಿಡಿದೆ. ಸರಿಯಾಗಿ ಆ ಮೊಣಕೈಯ ಮೇಲೆ. ಫೋಟೋ ತೆಗೆದು, ‘ಹೌದು ಸಫಿಯಾ, ಇದು ನಿಮ್ಮ ಮಾಮಿಯೇ’ ಎಂದು ಬರೆದು ಕಳಿಸಿದೆ.

ಸ್ವಲ್ಪ ಹೊತ್ತಿಗೆ ಫೋನು ಬಂತು. ಹಿಂದಿನಿಂದ ನರ್ಸುಗಳ ಗಲಗಲ, ಮುಂದೆ ಜುಬೈದಕ್ಕನ ಸ್ವರ.

“ಅಂತೂ ಒಪ್ಪಿದ್ಯಲ್ಲ!”

“ಒಪ್ಪಿದೆ ಜುಬೈದಕ್ಕಾ. ಊಟ ಮಾಡಿ ಈಗ.”

“ಮಾಡ್ತೇನೆ, ಮಾಡ್ತೇನೆ. ಎಲ್ಲರೂ ನೋಡಿದ್ರು. ಆದ್ರೆ ಅಡ್ಡ ಒಂದು ಬೆರಳು ಬಂದಿದೆಯಲ್ಲ, ಕಪ್ಪಗೆ ದೊಡ್ಡದಾಗಿ, ಅದು ಯಾರದ್ದು?”

“ಅದು ನಂದು,” ಎಂದೆ.